ಗಾಳಿ ಬಂದೂಕಿಗೂ ಅಳತೆಯ ಅಂಗಿ

ಜುಹೂ ಚೌಪಾಟಿಯಲ್ಲೋ ಊರಿನ ಜಾತ್ರೆಯಲ್ಲೋ ಬಲೂನಿಗೆ ಗುರಿಯಿಟ್ಟು ಹೊಡೆಯದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಅಂಗಡಿಯ ಹುಡುಗ ಬಂದೂಕನ್ನು ಮೊಣಕಾಲಿಗೆ ಒತ್ತಿ ಮಡಚಿ, ಒಂದು ಛರ್ರೆ ತುರುಕಿ ಕೈಗೆ ಕೊಡುತ್ತಾನೆ. ನಾವು ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹೊಡೆಯುತ್ತೇವೆ. ಕೆಂಪು ಬಲೂನಿಗೆ ಹೊಡೆದರೆ ಪಕ್ಕದ ಹಳದಿ ಬಲೂನು ಒಡೆಯುತ್ತದೆ! ಮನೆಯವರು ನಗುತ್ತಾರೆ, ನಾವೂ ನಗುತ್ತೇವೆ. ಅಲ್ಲಿಗೆ ಮುಗಿಯಿತು.

ಆದರೆ ನಿಮ್ಮ ಮನೆಯಲ್ಲಿ ಶಾಲೆಗೋ ಕಾಲೇಜಿಗೋ ಹೋಗುವ ಮಗುವಿದ್ದರೆ ಒಂದು ದಿನ ಮಾತು ಅಷ್ಟಕ್ಕೇ ಮುಗಿಯದಿರಬಹುದು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಮೇಲೆ, 2012ರಲ್ಲಿ ಲಂಡನ್ನಿನಲ್ಲಿ ಗಗನ್ ನಾರಂಗ್ ಅದೇ ಸ್ಪರ್ಧೆಯ ಕಂಚು ತಂದ ಮೇಲೆ, ಈ ಆಟ ಸೈನಿಕರ ಮತ್ತು ಶ್ರೀಮಂತರ ಅಂಗಳದಿಂದ ಸಾಮಾನ್ಯರ ಮನೆಯೊಳಕ್ಕೆ ಬಂದಿದೆ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೈರೋ ವಿಶ್ವಕಪ್‌ನಲ್ಲಿ ಕಂಚು ಗೆದ್ದಾಗ ಆಕೆಗೆ ಕೇವಲ ಹದಿನಾಲ್ಕು ವರ್ಷ. ಹಾಗಾಗಿ ನಿಮ್ಮ ಮಗಳೂ ಒಂದು ಸಂಜೆ ಊಟದ ಹೊತ್ತಿಗೆ, “ಅಪ್ಪಾ, ಕ್ಲಬ್ಬಿನ ರೈಫಲ್ ಸಾಲದು, ನನಗೆ ಸ್ವಂತದ್ದು ಬೇಕು” ಎಂದರೆ ಆಶ್ಚರ್ಯಪಡಬೇಡಿ.

ಆ ಮಾತು ನಮ್ಮ ಮನೆಯಲ್ಲಿ ಬಂತು. ವಿದೇಶದ ಒಳ್ಳೆಯ ರೈಫಲ್ಲಿನ ಬೆಲೆ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಸೊಸೈಟಿಯ ಸಾಲ, ಮನೆಯ ಕಂತು, ಊರಿನ ಖರ್ಚು ಎಲ್ಲ ಇರುವ ನಮ್ಮಂಥವರಿಗೆ ಅದು ಸಣ್ಣ ಮಾತಲ್ಲ. ಗೊತ್ತಿಲ್ಲದೆ ಕೊಂಡು ನಾನು ಕಲಿತ ಪಾಠ ನಿಮಗೆ ಪುಕ್ಕಟೆಯಾಗಿ ಸಿಗಲಿ ಎಂದೇ ಈ ಬರಹ.

ಮೊದಲೇ ತುಂಬಿಟ್ಟ ಗಾಳಿ

ಚೌಪಾಟಿಯ ಬಂದೂಕಿನೊಳಗೆ ಒಂದು ದಪ್ಪ ಸ್ಪ್ರಿಂಗ್ ಇರುತ್ತದೆ. ಮಡಚಿದಾಗ ಅದು ಒತ್ತಿಕೊಳ್ಳುತ್ತದೆ, ಟ್ರಿಗರ್ ಎಳೆದಾಗ ಬಿಡುಗಡೆಯಾಗಿ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಛರ್ರೆ ನಳಿಗೆಯಿಂದ ಹೊರಬೀಳುವ ಮೊದಲೇ ಇಡೀ ಬಂದೂಕು ಅದುರಿಬಿಡುತ್ತದೆ. ಕೆಂಪು ಬಲೂನಿನ ಬದಲು ಹಳದಿ ಒಡೆಯಲು ನಮ್ಮ ಕೈಯ ಜೊತೆಗೆ ಇದೂ ಒಂದು ಕಾರಣ.

ಈಗ ಸ್ಪರ್ಧೆಗಳಲ್ಲಿ ಬಳಸುವ ಪಿ.ಸಿ.ಪಿ. ರೈಫಲ್‌ನಲ್ಲಿ ಇಂಥ ಸ್ಪ್ರಿಂಗ್ ಇಲ್ಲ. ನಳಿಗೆಯ ಕೆಳಗೆ ಒಂದು ಸಿಲಿಂಡರ್ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿಯನ್ನು ಮೊದಲೇ ತುಂಬಿಡುತ್ತಾರೆ. ಟ್ರಿಗರ್ ಎಳೆದಾಗ ಒಂದು ಪುಟ್ಟ ಸುತ್ತಿಗೆ ವಾಲ್ವನ್ನು ಬಡಿದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತೆರೆಯುತ್ತದೆ. ಅಳತೆಯ ಗಾಳಿ ಹೊರಬಂದು ಛರ್ರೆಯನ್ನು ತಳ್ಳುತ್ತದೆ. ಒದೆತ ಇಲ್ಲವೆಂದೇ ಹೇಳಬಹುದು. ಒಮ್ಮೆ ತುಂಬಿದರೆ ನೂರಾರು ಗುಂಡು ಹೊಡೆಯಬಹುದು.

ಇದು ನಿನ್ನೆ ಮೊನ್ನೆಯ ಉಪಾಯವೇನೂ ಅಲ್ಲ. ಜಿರಾರ್ದೋನಿ ಎಂಬ ಕುಶಲಕರ್ಮಿ ರೂಪಿಸಿದ ಇಂಥ ಗಾಳಿ ಬಂದೂಕನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯದ ಸೈನ್ಯವೇ ಬಳಸುತ್ತಿತ್ತು. ಅದರ ಹಿಂಬದಿಯ ಗಾಳಿಯ ಬುರುಡೆಯನ್ನು ತುಂಬಲು ಕೈಪಂಪನ್ನು ಸಾವಿರದೈನೂರು ಸಲ ಒತ್ತಬೇಕಾಗಿತ್ತಂತೆ! ಅಂದಿಗೂ ಇಂದಿಗೂ ತತ್ತ್ವ ಒಂದೇ: ಗಾಳಿಯನ್ನು ಮೊದಲು ಕೂಡಿಡು, ಆಮೇಲೆ ಚಮಚದಲ್ಲಿ ಬಡಿಸಿದಂತೆ ಖರ್ಚು ಮಾಡು.

200 ಬಾರ್ ಎಂದರೆ ಎಷ್ಟು? ನಿಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗಿನ ಒತ್ತಡ ಸುಮಾರು ಒಂದು ಬಾರ್. ಕಾರಿನ ಟೈರಿನಲ್ಲಿ ಎರಡರ ಆಸುಪಾಸು. ಕುಕ್ಕರಿನ ಇನ್ನೂರು ಪಟ್ಟು ಒತ್ತಡ ನಿಮ್ಮ ಮಗುವಿನ ಎಡಗೈಯ ಪಕ್ಕದಲ್ಲೇ ಇರುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅರ್ಧ ಮಿಲಿಮೀಟರಿನ ಚುಕ್ಕೆ

ಆಟದ ಲೆಕ್ಕವನ್ನೂ ತಿಳಿದುಕೊಳ್ಳಿ. ಗುರಿ ಇರುವುದು ಹತ್ತು ಮೀಟರ್ ದೂರದಲ್ಲಿ. ಅದರ ಕಪ್ಪು ಭಾಗ 30.5 ಮಿಲಿಮೀಟರ್ ಅಗಲ. ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ, ರಾಗಿಕಾಳಿಗಿಂತಲೂ ಚಿಕ್ಕದು. ಛರ್ರೆಯ ಅಗಲ 4.5 ಮಿಲಿಮೀಟರ್. ಸ್ಪರ್ಧಿ ನಿಂತೇ ಅರವತ್ತು ಗುಂಡು ಹೊಡೆಯಬೇಕು, ಎಪ್ಪತ್ತೈದು ನಿಮಿಷಗಳೊಳಗೆ. ಈಗ ಹತ್ತನ್ನೂ ದಶಾಂಶಗಳಾಗಿ ಒಡೆದು ಎಣಿಸುತ್ತಾರೆ. ಒಂದು ಗುಂಡಿಗೆ ಸಿಗಬಹುದಾದ ಅತಿ ಹೆಚ್ಚು ಅಂಕ 10.9.

ಬೀಜಿಂಗ್‌ನಲ್ಲಿ ಬಿಂದ್ರಾ ಪಡೆದದ್ದು 700.5 ಅಂಕ, ಬೆಳ್ಳಿ ಗೆದ್ದ ಚೀನಾದ ಝೂ ಚಿನಾನ್ ಪಡೆದದ್ದು 699.7. ನಡುವಿನ ಅಂತರ ಒಂದು ಅಂಕವೂ ಅಲ್ಲ. ಅಂದು ಬಿಂದ್ರಾರ ಕೊನೆಯ ಗುಂಡು 10.8.

ಇಷ್ಟು ಸೂಕ್ಷ್ಮದ ಆಟದಲ್ಲಿ ರೈಫಲ್‌ಗೆ ‘ಶಕ್ತಿ’ ಬೇಕೇ? ಇಲ್ಲ. ಸ್ಪರ್ಧೆಯ ಛರ್ರೆ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೋಗುತ್ತದೆ. ಕಾಗದ ತೂತು ಮಾಡಲು ಅದು ಬೇಕಾದಷ್ಟಾಯಿತು. ಬೇಕಾದದ್ದು ಸಮಾನತೆ. ಮೊದಲನೆಯ ಗುಂಡು ಹೋದ ವೇಗದಲ್ಲೇ ಅರವತ್ತನೆಯದೂ ಹೋಗಬೇಕು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ: ವೇಗದಲ್ಲಿ ಸೆಕೆಂಡಿಗೆ ಮೂರು ಮೀಟರ್ ವ್ಯತ್ಯಾಸವಾದರೆ ಗುಂಡು ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಮೇಲೆ ಅಥವಾ ಕೆಳಗೆ ಬೀಳುತ್ತದೆ. ಅಂದರೆ ಎರಡು ದಶಾಂಶದಷ್ಟು ಅಂಕ ಹೋಯಿತು. ಒಂದು ಗುಂಡಿಗೆ ಇದು ಏನೂ ಅಲ್ಲ ಅನಿಸಬಹುದು. ಅರವತ್ತು ಗುಂಡಿಗೆ ಗುಣಿಸಿ ನೋಡಿ.

ನಾನು ಮೋಸಹೋದ ಬಗೆ

ಈ ಲೆಕ್ಕವೆಲ್ಲ ಆಮೇಲೆ ಕಲಿತದ್ದು. ಅಂದು ನನಗೆ ಕಂಡದ್ದು ರೈಫಲ್‌ನ ಹೊಳಪು ಮಾತ್ರ. ಯಾರೋ ಪರಿಚಯದವರ ಪರಿಚಯದವರು ಮಾರುತ್ತಿದ್ದರು. ಹೊಸದರ ಅರ್ಧ ಬೆಲೆ. ದೊಡ್ಡ ಹೆಸರಿನ ವಿದೇಶಿ ಮಾಲು, ಒಂದು ಗೀರೂ ಇಲ್ಲ. “ಹುಡುಗಿ ಬೆಳೆಯುತ್ತಾಳೆ, ದೊಡ್ಡವರದ್ದೇ ತೆಗೆದುಕೊಳ್ಳಿ, ಮುಂದಕ್ಕೂ ಆಗುತ್ತದೆ” ಎಂದರು. ಶಾಲೆಯ ಯೂನಿಫಾರ್ಮನ್ನು ಎರಡು ಅಂಗುಲ ದೊಡ್ಡದೇ ಹೊಲಿಸುವ ಜಾತಿ ನಮ್ಮದು. ಮಾತು ಸರಿಯಾಗಿಯೇ ಕಂಡಿತು.

ತಿಂಗಳೊಪ್ಪತ್ತಿನಲ್ಲಿ ಮಗಳು ಸೊಂಟ ಹಿಡಿದುಕೊಂಡು ಕೂರತೊಡಗಿದಳು. ರೈಫಲ್‌ನ ಹಿಂಬದಿ ಅವಳ ತೋಳಿಗೆ ಉದ್ದವಾಗಿತ್ತು. ಟ್ರಿಗರಿಗೆ ಬೆರಳು ಎಟುಕಿಸಲು ಅವಳು ಬೆನ್ನನ್ನು ಹಿಂದಕ್ಕೆ ಬಾಗಿಸಿ, ಕತ್ತು ಚಾಚಿ ನಿಲ್ಲುತ್ತಿದ್ದಳು. ಅಂಕ ಏರುವ ಬದಲು ಇಳಿಯಿತು. ನಾನೋ, “ಗಮನ ಕೊಡುತ್ತಿಲ್ಲ” ಎಂದು ಅವಳನ್ನೇ ಗದರಿದೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅವಳ ಮೊದಲ ದೊಡ್ಡ ಸ್ಪರ್ಧೆಯ ದಿನ. ಉಪಕರಣ ತಪಾಸಣೆಯ ಮೇಜಿನ ಮುಂದೆ ನಿಂತಿದ್ದೆವು. ಅಧಿಕಾರಿ ಸಿಲಿಂಡರನ್ನು ತಿರುಗಿಸಿ, ಅದರ ಮೇಲೆ ಕೊರೆದಿದ್ದ ತಾರೀಖು ಓದಿ, ಸುಮ್ಮನೆ ಪಕ್ಕಕ್ಕಿಟ್ಟರು. ತಯಾರಕರು ಕೊಟ್ಟಿದ್ದ ಹತ್ತು ವರ್ಷದ ಅವಧಿ ಮುಗಿದು ಒಂದೂವರೆ ವರ್ಷವಾಗಿತ್ತು. ಆ ಸಿಲಿಂಡರನ್ನು ನಾನು ವಾರವಾರ ತುಂಬಿಸಿ ತಂದು, ಅವಳ ಹಾಸಿಗೆಯ ಕೆಳಗೆ ಇಡುತ್ತಿದ್ದೆ! ಮಗಳು ಅಳಲಿಲ್ಲ. “ಅಪ್ಪಾ, ನೀವು ತಾರೀಖು ನೋಡಿರಲಿಲ್ವಾ?” ಎಂದು ಕೇಳಿದಳು. ಅತ್ತಿದ್ದರೇ ಚೆನ್ನಾಗಿತ್ತು.

ಕೊಳ್ಳುವ ಮುನ್ನ ಏನು ನೋಡಬೇಕು?

ಹಾಗಾದರೆ ಒಳ್ಳೆಯ ರೈಫಲ್ ಎಂದರೆ ಯಾವುದು? ಅಂಗಡಿಯವನ ಕೈಪಿಡಿಯನ್ನು ಪಕ್ಕಕ್ಕಿಟ್ಟು ಈ ಕೆಲವು ಅಂಶಗಳನ್ನು ನೋಡಿ.

ಮೊದಲು ಸಿಲಿಂಡರಿನ ಹುಟ್ಟಿದ ತಾರೀಖು. ಹಳೆಯ ರೈಫಲ್ ಕೊಳ್ಳುವುದು ತಪ್ಪಲ್ಲ, ನಳಿಗೆ ಬಹಳ ವರ್ಷ ಬಾಳುತ್ತದೆ. ಆದರೆ ಸಿಲಿಂಡರಿಗೆ ಆಯುಷ್ಯವಿದೆ. ಅವಧಿ ಮುಗಿಯುತ್ತಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನೂ ಕೂಡಿಸಿಯೇ ಚೌಕಾಸಿ ಮಾಡಿ. ಒಳಗಿನ ಒತ್ತಡ ತೋರಿಸುವ ಮಾಪಕ ಸಿಲಿಂಡರಿನಲ್ಲೇ ಇದೆಯೇ ಎಂದೂ ನೋಡಿ.

ಎರಡನೆಯದು ರೆಗ್ಯುಲೇಟರ್. ಸಿಲಿಂಡರಿನಲ್ಲಿ 200 ಬಾರ್ ಇರಲಿ, 100 ಇರಲಿ, ವಾಲ್ವಿಗೆ ಸದಾ ಒಂದೇ ಒತ್ತಡದ ಗಾಳಿಯನ್ನು ಕೊಡುವುದು ಇದರ ಕೆಲಸ. ಮನೆಯ ಗ್ಯಾಸಿಗೂ ರೆಗ್ಯುಲೇಟರ್ ಇದೆಯಲ್ಲ, ಅದೇ ನ್ಯಾಯ. ಅಗ್ಗದ ಕೆಲವು ಪಿ.ಸಿ.ಪಿ.ಗಳಲ್ಲಿ ಇದು ಇರುವುದಿಲ್ಲ. ಅಂಥವುಗಳಲ್ಲಿ ಸಿಲಿಂಡರ್ ತುಂಬಿದ್ದಾಗ ಒತ್ತಡಕ್ಕೆ ವಾಲ್ವ್ ಸರಿಯಾಗಿ ತೆರೆಯದೆ ಗುಂಡು ನಿಧಾನ, ಒತ್ತಡ ಕೊಂಚ ಇಳಿದ ಮೇಲೆ ವೇಗ, ಇನ್ನೂ ಇಳಿದರೆ ಮತ್ತೆ ನಿಧಾನ. ಮೋಜಿಗೆ ಸಾಕು, ಸ್ಪರ್ಧೆಗೆ ಸಾಲದು. ಅಂಥದ್ದು ಈಗಾಗಲೇ ಮನೆಯಲ್ಲಿದ್ದರೆ ವೇಗಮಾಪಕ ಇರುವ ಕ್ಲಬ್ಬಿಗೆ ಹೋಗಿ, ಯಾವ ಒತ್ತಡದಿಂದ ಯಾವ ಒತ್ತಡದವರೆಗೆ ವೇಗ ಸಮನಾಗಿದೆ ಎಂದು ಬರೆದಿಟ್ಟುಕೊಂಡು ಅಷ್ಟರೊಳಗೇ ಬಳಸಿ.

ಮೂರನೆಯದು ಟ್ರಿಗರ್. ಎರಡು ಹಂತದ್ದಾಗಿರಬೇಕು. ಮೊದಲ ಹಂತದಲ್ಲಿ ಬೆರಳು ಸಲೀಸಾಗಿ ಹೋಗಿ ಒಂದು ಕಡೆ ನಿಲ್ಲಬೇಕು, ಅಲ್ಲಿಂದ ಮುಂದೆ ಎಳೆತವಿಲ್ಲದೆ ಗಾಜು ಮುರಿದಂತೆ ಬಿಡಬೇಕು. ಟ್ರಿಗರನ್ನು ಬೆರಳಿನ ಉದ್ದಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸುವ ಸೌಲಭ್ಯ ಇರಬೇಕು. ಜೊತೆಗೆ ಗಾಳಿಯನ್ನೂ ಛರ್ರೆಯನ್ನೂ ಬಳಸದೆ ಟ್ರಿಗರ್ ಅಭ್ಯಾಸ ಮಾಡುವ ಏರ್ಪಾಡು ಇದ್ದರೆ ಬಿಡಬೇಡಿ. ಒಂದೂವರೆ ಕೋಣೆಯ ಮುಂಬಯಿ ಮನೆಯಲ್ಲಿ ಗೋಡೆಗೆ ಒಂದು ಚುಕ್ಕೆ ಅಂಟಿಸಿ, ದಿನಾ ಅರ್ಧ ಗಂಟೆ ಅಭ್ಯಾಸ ಮಾಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ನಾಲ್ಕನೆಯದು ತೂಕ. ನಿಯಮ ಒಪ್ಪುವ ಗರಿಷ್ಠ ತೂಕ 5.5 ಕಿಲೋ. ಅದು ಮಿತಿಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ. ಹನ್ನೆರಡು ಹದಿಮೂರರ ಮಗುವಿಗೆ ಕಿರಿಯರ ಹಗುರ ಮಾದರಿಯೇ ಸರಿ. ಬೆಳೆದ ಮೇಲೆ ಬದಲಿಸಿದರಾಯಿತು. ರೈಫಲ್ ಬದಲಿಸಬಹುದು, ಬೆನ್ನುಮೂಳೆ ಬದಲಿಸಲಾಗದು.

ಕೊನೆಯದಾಗಿ, ಬಿಡಿಭಾಗ ಮತ್ತು ರಿಪೇರಿ ನಿಮ್ಮ ಊರಿನಲ್ಲಿ ಯಾರು ಮಾಡುತ್ತಾರೆ ಎಂದು ಮೊದಲೇ ವಿಚಾರಿಸಿ. ಒಂದು ರಬ್ಬರ್ ಉಂಗುರ ಬರುವುದಕ್ಕಾಗಿ ಮೂರು ತಿಂಗಳು ಕಾಯುತ್ತಾ ಕುಳಿತವರನ್ನು ನಾನು ಬಲ್ಲೆ.

ಮಾಡಬಹುದಾದ ಬದಲಾವಣೆ

ಕೊಂಡ ರೈಫಲ್ ಕೊಂಡಂತೆಯೇ ಇರಬೇಕೆಂದಿಲ್ಲ. ಸಿದ್ಧ ಉಡುಪನ್ನೂ ದರ್ಜಿಯ ಹತ್ತಿರ ಒಯ್ದು ಸರಿಮಾಡಿಸಿಕೊಳ್ಳುತ್ತೇವಲ್ಲವೇ? ಸಿಲಿಂಡರಿನ ಪ್ರಸಂಗವಾದ ಮೇಲೆ ಮಗಳ ಕೋಚ್ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತು ಇದು: “ಸಾಹೇಬರೇ, ಮಗುವನ್ನು ರೈಫಲ್‌ಗೆ ಬಗ್ಗಿಸಬೇಡಿ, ರೈಫಲನ್ನು ಮಗುವಿಗೆ ಬಗ್ಗಿಸಿ.” ಅರ್ಧ ದಿನ ಕುಳಿತು ಅವರು ಮಾಡಿದ ಕೆಲಸವನ್ನು ಹಾಗೆಯೇ ಹೇಳುತ್ತೇನೆ.

ಮೊದಲು ಭುಜಕ್ಕೆ ಆನಿಸುವ ಬಟ್ ಪ್ಲೇಟನ್ನು ಒಳಕ್ಕೆ ಸರಿಸಿ ಉದ್ದ ಕಡಿಮೆ ಮಾಡಿದರು. ಸಾಲದಾದಾಗ ನಡುವಿನ ಒಂದು ತುಂಡನ್ನು ತೆಗೆದರು. ಈಗ ಬೆರಳು ತಾನಾಗಿ ಟ್ರಿಗರ್ ಮೇಲೆ ಬಂತು. ಆಮೇಲೆ ಕೆನ್ನೆ ಇಡುವ ಪಟ್ಟಿಯನ್ನು ಏರಿಸಿದರು. ಅದಕ್ಕೊಂದು ಪರೀಕ್ಷೆ ಇದೆ, ನೀವೂ ಮಾಡಿಸಿ ನೋಡಿ. ಮಗು ಕಣ್ಣು ಮುಚ್ಚಿಕೊಂಡು ರೈಫಲನ್ನು ಭುಜಕ್ಕೇರಿಸಿ, ಕೆನ್ನೆ ಇಟ್ಟು, ಎರಡು ಸಲ ಉಸಿರಾಡಿ ಕಣ್ಣು ತೆರೆಯಲಿ. ಹಿಂದಿನ ಸೈಟಿನ ರಂಧ್ರ ಕಣ್ಣೆದುರಿಗೇ ಇದ್ದರೆ ಅಳತೆ ಸರಿ. ಕತ್ತು ಹೊರಳಿಸಿ ಹುಡುಕಬೇಕಾದರೆ ಪಟ್ಟಿ ಏರಬೇಕು ಇಲ್ಲವೇ ಇಳಿಯಬೇಕು.

ಹಾಗೆಯೇ ಎಡಗೈ ಮುಷ್ಟಿಯ ಮೇಲೆ ಕೂರುವ ಭಾಗ. ನಿಂತು ಹೊಡೆಯುವವರು ಎಡ ಮೊಣಕೈಯನ್ನು ಸೊಂಟದ ಎಲುಬಿಗೆ ಆನಿಸಿ, ರೈಫಲ್‌ನ ಭಾರವನ್ನು ಎಲುಬಿನ ಮೇಲೆ ಇಳಿಸುತ್ತಾರೆ. ಸ್ನಾಯುವಿನಿಂದ ಹೊತ್ತರೆ ಹತ್ತು ಗುಂಡಿಗೆ ಕೈ ನಡುಗುತ್ತದೆ. ಕೈ ಗಿಡ್ಡವಾಗಿರುವ ಮಕ್ಕಳಿಗೆ ರೈಫಲ್ ಕಣ್ಣಿನ ಮಟ್ಟಕ್ಕೆ ಬರುವುದಿಲ್ಲ, ಆಗ ಅವರು ತಲೆ ಬಗ್ಗಿಸುತ್ತಾರೆ. ನಿಯಮ ಬಿಡುವಷ್ಟರ ಮಟ್ಟಿಗೆ ಆ ಭಾಗವನ್ನು ಎತ್ತರಿಸಬಹುದು, ಸೈಟುಗಳಿಗೂ ಅಡಿಪಟ್ಟಿ ಕೊಟ್ಟು ಮೇಲೇರಿಸಬಹುದು.

ಬಲಗೈಯ ಹಿಡಿ ಮರದ್ದಾದರೆ ಅಂಗೈಗೆ ಒತ್ತುವ ಕಡೆ ಉಜ್ಜುಕಾಗದದಿಂದ ತುಸು ಸವೆಸಿ, ಪೊಳ್ಳಿರುವ ಕಡೆ ಮರದ ಪುಟ್ಟಿ ತುಂಬಬಹುದು. ನಳಿಗೆಯ ಮುಂದೆ ಸಣ್ಣ ತೂಕದ ಬಿಲ್ಲೆಗಳನ್ನು ಕೂರಿಸಿದರೆ ಅಲುಗಾಟ ತಗ್ಗುತ್ತದೆ. ಆದರೆ ಒಂದೊಂದಾಗಿ ಹಾಕಿ, ವಾರ ನೋಡಿ. ಮುಂದಿನ ಸೈಟಿನ ಉಂಗುರವನ್ನು ತೀರಾ ಬಿಗಿಯಾಗಿ ಆರಿಸಬೇಡಿ. ಕಪ್ಪು ಗುರಿಯ ಸುತ್ತ ಬಿಳಿ ಬಳೆ ಸ್ಪಷ್ಟವಾಗಿ ಕಾಣುತ್ತಿರಬೇಕು. ಬಿಳಿ ಕಡಿಮೆಯಾದಷ್ಟೂ ಕಣ್ಣು ದಣಿಯುತ್ತದೆ, ಮಗು ಹೊಡೆಯಲು ಹಿಂಜರಿಯುತ್ತದೆ.

ಇನ್ನೊಂದು ‘ಬದಲಾವಣೆ’ಗೆ ಸ್ಕ್ರೂಡ್ರೈವರೇ ಬೇಡ: ಛರ್ರೆ. ಒಂದೇ ಕಂಪೆನಿಯ ಛರ್ರೆಗಳೂ 4.49, 4.50, 4.51 ಹೀಗೆ ಕೂದಲೆಳೆಯ ವ್ಯತ್ಯಾಸದಲ್ಲಿ ಬರುತ್ತವೆ. ಪ್ರತಿಯೊಂದು ನಳಿಗೆಗೂ ಅದರದೇ ರುಚಿ. ರೈಫಲನ್ನು ಅಲುಗದಂತೆ ಬಿಗಿದು, ಪ್ರತಿ ಬಗೆಯ ಹತ್ತು ಹತ್ತು ಛರ್ರೆ ಹೊಡೆದು ನೋಡಿ. ಯಾವುದು ಒಂದೇ ತೂತಿನೊಳಗೆ ಹೋಗುತ್ತದೆಯೋ ಅದನ್ನು ಆರಿಸಿ, ಅದೇ ತಂಡದ ಡಬ್ಬಿಗಳನ್ನು ವರ್ಷಕ್ಕಾಗುವಷ್ಟು ಕೊಂಡಿಡಿ. ಸಾವಿರಾರು ರೂಪಾಯಿಯ ಅಲಂಕಾರದ ಬಿಡಿಭಾಗಗಳಿಗಿಂತ ಇದರ ಫಲ ಹೆಚ್ಚು.

ಮುಟ್ಟಬಾರದ ಜಾಗ

ಮೇಲೆ ಹೇಳಿದ ಎಲ್ಲವೂ ರೈಫಲ್‌ನ ಹೊರಮೈಗೆ ಸಂಬಂಧಿಸಿದವು. ಒಳಗಿನ ಗಾಳಿಯ ದಾರಿ, ಅಂದರೆ ಸಿಲಿಂಡರ್, ರೆಗ್ಯುಲೇಟರ್, ವಾಲ್ವ್, ಸುತ್ತಿಗೆಯ ಸ್ಪ್ರಿಂಗ್, ಇವು ನಮ್ಮ ನಿಮ್ಮ ಕೈಗೆ ಅಲ್ಲ. “ಸ್ಪ್ರಿಂಗ್ ಸ್ವಲ್ಪ ಬಿಗಿ ಮಾಡಿಕೊಡುತ್ತೇನೆ, ಪವರ್ ಜಾಸ್ತಿ ಆಗುತ್ತೆ” ಎನ್ನುವ ಮೆಕ್ಯಾನಿಕ್ ಎಲ್ಲ ಊರಲ್ಲೂ ಸಿಗುತ್ತಾನೆ. ದೂರದಿಂದಲೇ ನಮಸ್ಕಾರ ಹಾಕಿ. ವೇಗ ಹೆಚ್ಚಾದರೆ ಅಂಕ ಹೆಚ್ಚುವುದಿಲ್ಲ. ಸಮಾನತೆ ಕೆಡುತ್ತದೆ, ಸೀಲುಗಳು ಬೇಗ ಹಾಳಾಗುತ್ತವೆ, ತಯಾರಕರ ಹೊಣೆಯೂ ತಪ್ಪುತ್ತದೆ.

ಕಾನೂನಿನ ಮಾತೂ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್‌ಗಿಂತ ಹೆಚ್ಚು ಶಕ್ತಿಯ ಅಥವಾ 4.5 ಮಿಲಿಮೀಟರಿಗಿಂತ ದೊಡ್ಡ ನಳಿಗೆಯ ಏರ್ ರೈಫಲ್‌ಗೆ ಲೈಸನ್ಸ್ ಬೇಕು. ಸ್ಪರ್ಧೆಯ ರೈಫಲ್ ಏಳೆಂಟು ಜೌಲ್‌ನಲ್ಲೇ ಮುಗಿಯುತ್ತದೆ. ಸುಮ್ಮನಿದ್ದ ಮನೆಗೆ ಪೊಲೀಸರನ್ನು ಕರೆತರುವ ಕೆಲಸ ಯಾಕೆ? ಹಕ್ಕಿ, ನಾಯಿ, ಕೋತಿಗಳತ್ತ ಗುರಿಯಿಡುವುದಂತೂ ಪಾಪವೂ ಹೌದು, ಅಪರಾಧವೂ ಹೌದು. ಮಗುವಿಗೆ ಇದನ್ನು ಮೊದಲ ದಿನವೇ ಹೇಳಿ.

ಗಾಳಿ ತುಂಬುವಾಗ ಎರಡು ಎಚ್ಚರಿಕೆ. ಒಂದು, ಒಣ ಮತ್ತು ಶುದ್ಧ ಗಾಳಿಯನ್ನೇ ತುಂಬಿಸಿ. ಮುಂಬಯಿಯ ಮಳೆಗಾಲದಲ್ಲಿ ಕೈಪಂಪಿನಿಂದ ತುಂಬಿದರೆ ಗಾಳಿಯ ಜೊತೆ ತೇವವೂ ಒಳಹೋಗಿ ತುಕ್ಕಿಗೆ ದಾರಿಯಾಗುತ್ತದೆ. ಸಾಧ್ಯವಾದರೆ ಶೋಧಕವಿರುವ ಕಂಪ್ರೆಸರ್ ಇಲ್ಲವೇ ಮುಳುಗುಗಾರರು ಬಳಸುವ ಗಾಳಿಯ ದೊಡ್ಡ ಸಿಲಿಂಡರ್ ಇರುವ ಕ್ಲಬ್ಬಿನಲ್ಲಿ ತುಂಬಿಸಿ. ನಿಧಾನವಾಗಿ ತುಂಬಿಸಿ, ಮಾಪಕದ ಮೇಲೆ ಕಣ್ಣಿಡಿ, ಹೇಳಿದ ಮಿತಿ ಮೀರಬೇಡಿ. ಎರಡು, ಆಮ್ಲಜನಕದ ಸಿಲಿಂಡರಿನಿಂದ ಎಂದೆಂದಿಗೂ ತುಂಬಿಸಬೇಡಿ. ಒಳಗಿರುವ ಎಣ್ಣೆ ಗ್ರೀಸಿನ ಜೊತೆ ಸೇರಿ ಅದು ಸ್ಫೋಟಿಸಬಹುದು. ಇದೇ ಕಾರಣಕ್ಕೆ ಗಾಳಿಯ ದಾರಿಗೆ ಹೊಲಿಗೆ ಯಂತ್ರದ ಎಣ್ಣೆ, ತೆಂಗಿನೆಣ್ಣೆ ಬಿಡುವ ಮನೆವೈದ್ಯವೂ ಬೇಡ. ವಿಮಾನದಲ್ಲಿ ಹೋಗುವುದಾದರೆ ಸಿಲಿಂಡರ್ ಖಾಲಿ ಮಾಡಿ, ಬಿಚ್ಚಿ, ವಿಮಾನದವರಿಗೆ ಮೊದಲೇ ತಿಳಿಸಿ.

ಕೊನೆಗೊಂದು ಮಾತು

ಕೊಡಗಿನ ನಮ್ಮ ಬಂಧುಗಳು ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಆಯುಧವನ್ನು ಗೌರವಿಸಿದವನಿಗೇ ಅದನ್ನು ಹಿಡಿಯುವ ಹಕ್ಕು ಎಂಬುದು ಅದರ ಹಿಂದಿನ ಭಾವ ಎಂದು ನನಗೆ ತೋರುತ್ತದೆ. ನಮ್ಮ ಮನೆಯಲ್ಲೂ ಈಗ ಆಯುಧಪೂಜೆಯ ದಿನ ಕತ್ತರಿ, ಈಳಿಗೆಮಣೆ, ಸ್ಕೂಟರಿನ ಸಾಲಿನಲ್ಲಿ ರೈಫಲ್‌ನ ಪೆಟ್ಟಿಗೆಯೂ ಕೂರುತ್ತದೆ. ಮಗಳೇ ಕುಂಕುಮ ಇಡುತ್ತಾಳೆ. ಇಟ್ಟಮೇಲೆ ಪೆಟ್ಟಿಗೆ ತೆರೆದು ಹೊಸ ಸಿಲಿಂಡರಿನ ತಾರೀಖನ್ನು ನನಗೇ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಅದೊಂದು ಮಂತ್ರವೇ ಆಗಿಹೋಗಿದೆ.

ಅವಳು ಇನ್ನೂ ರಾಜ್ಯದ ತಂಡಕ್ಕೆ ಆಯ್ಕೆಯಾಗಿಲ್ಲ, ಆಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಸೊಂಟನೋವು ಹೋಗಿದೆ. ಅಂಕ ಇಳಿದ ದಿನ ಈಗ ನಾನು ಅವಳನ್ನು ಗದರುವುದಿಲ್ಲ, ಮೊದಲು ಅಳತೆ ನೋಡುತ್ತೇನೆ. ನೀವು ರೈಫಲ್ ಕೊಳ್ಳಲು ಹೊರಟರೆ ಒಬ್ಬರೇ ಹೋಗಬೇಡಿ. ಮಗುವನ್ನು ಕರೆದೊಯ್ಯಿರಿ, ಕೋಚನ್ನು ಕರೆದೊಯ್ಯಿರಿ. ಚೆಕ್ ಬುಕ್ಕಿನ ಜೊತೆ ದರ್ಜಿಯ ಒಂದು ಟೇಪು ಮತ್ತು ಸಣ್ಣ ಅಕ್ಷರ ಓದುವ ಕನ್ನಡಕವೂ ಕೈಯಲ್ಲಿರಲಿ.